ಎಲಿ ಕೆಳಗಿಡೂದು ಕಲಿಸ್ರಿ

ನಮ್ಮ ಕಡಿ ಜೂಜಿನ ಮಾತು ಬಂದ್ರ ಎರಡು ಥರದ ಮಂದಿ ಇರ್ತಾರ. ಒಬ್ಬರು, ‘ಅದರ ಹೆಸರು ಸುದ್ದಾ ಮನ್ಯಾಗ ಎತ್ತಬ್ಯಾಡ್ರಿ’ ಅಂತಾರ. ಇನ್ನೊಬ್ಬರು, ‘ಎಲ್ಲಾ ನಸೀಬದ ಮ್ಯಾಲ ಐತ್ರಿ, ಬಂದ್ರ ಬಂತು, ಹೋದ್ರ ಹೋತು’ ಅಂತಾರ. ಈ ಇಬ್ಬರೂ ಕೂಡಿ ನಮ್ಮ ಹುಡುಗ್ರಿಗೆ ಏನೂ ಕಲಿಸಿಲ್ಲ ಅನ್ನೂದು ನನ್ನ ತಕರಾರು. ಹೆಸರು ಎತ್ತಬ್ಯಾಡ ಅಂದವರ ಮನಿ ಹುಡುಗ ಹೊಲದ ಶೆಡ್ಡಿನ್ಯಾಗ ಕುಂತು ಕಲೀತಾನ. ನಸೀಬ ಅಂದವರ ಮನಿ ಹುಡುಗ ಸೋತಾಗೊಮ್ಮಿ ನಸೀಬಕ್ಕ ಬೈದು, ಮರುದಿನ ಮತ್ತ ಹೋಗಿ ಅಲ್ಲೇ ಕೂಡ್ತಾನ.

ನಾ ಹೇಳೂದು ಮೂರನೇ ಮಾತು. ಪಣ ಹಚ್ಚೂದು ಒಂದು ಲೆಕ್ಕ. ಆ ಲೆಕ್ಕ ಬರೂದಿಲ್ಲ ಅಂತನ ಮನಿ ಹಾಳಾಗ್ತಾವ. ಹಂಗಾಗಿ ಅದನ್ನ ಮನ್ಯಾಗ, ಹಿರಿಯರ ಮುಂದ, ಒಂದು ಪೈಸಾ ಇಡದ, ಹುಣಸಿ ಬೀಜ ಇಟ್ಟು ಕಲಿಸ್ಬೇಕು. ಯಾವಾಗ ಹಾಕಬೇಕು ಅನ್ನೂದಕ್ಕಿಂತ ಯಾವಾಗ ಎಲಿ ಕೆಳಗಿಟ್ಟು ಏಳಬೇಕು ಅನ್ನೂದನ್ನ ಕಲಿಸ್ಬೇಕು.

ಇಸ್ಪೀಟ ನಮ್ಮ ಊರಾಗ ಇಲ್ಲ ಅಂತ ಯಾರರ ಅಂದ್ರ ನಗು ಬರ್ತೈತಿ. ದೀಪಾವಳಿ ಪಾಡ್ಯಕ್ಕ, ಯುಗಾದಿಗೆ ಎಷ್ಟು ಕಟ್ಟಿ ಮ್ಯಾಲ ಚಾಪಿ ಬೀಳ್ತಾವ ನೋಡ್ರಿ. ಪೇಪರಿನ್ಯಾಗ ‘ಅಂದರ್ ಬಾಹರ್ ಜೂಜಾಟ, ಇಷ್ಟು ಮಂದಿ ವಶಕ್ಕ’ ಅನ್ನೂ ಸುದ್ದಿ ದೇವದುರ್ಗದ್ದೂ ಇರ್ತೈತಿ, ಮಾನ್ವಿದೂ ಇರ್ತೈತಿ, ರಾಯಚೂರಿಂದೂ ಇರ್ತೈತಿ. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 87 ಅನ್ನೂದು ಪೇಪರ್ ಓದಿ ಓದಿ ನಮ್ಮಂಥಾ ಹೆಣ್ಮಕ್ಕಳಿಗೂ ಬಾಯಿಪಾಠ ಆಗೈತಿ. ಆಟ ಮನಿ ಬಾಗ್ಲದಾಗ ನಿಂತಾಗ ‘ಹೆಸರು ಎತ್ತಬ್ಯಾಡ’ ಅಂದ್ರ ಹೆಂಗ?

ನನಗ ಈ ಮಾತು ಯಾಕ ಇಷ್ಟು ಹತ್ತೈತಿ ಅಂದ್ರ, ನಮ್ಮ ಮನಿಯವರ ಕಾಕಾನ ಮಗ ಒಬ್ಬಾವ ದೇವದುರ್ಗ ತಾಲೂಕಿನ ಹಳ್ಳ್ಯಾಗ ಅದಾನ. ಹತ್ತಿ ಮಾರಿದ ರೊಕ್ಕ ಬಂದ ವಾರದಾಗ ಒಂದು ರಾತ್ರಿ ಮೂರೆಲಿ ಆಟಕ್ಕ ಕುಂತ. ಬೆಳಗಾಗೂದರಾಗ ಹತ್ತಿ ರೊಕ್ಕ ಹೋತು. ಗೊಬ್ಬರದ ಅಂಗಡಿ ಉದ್ರಿ ತೀರಿಸಾಕ ಅವನ ಹೆಂಡ್ತಿ ಬೋರಮಾಳ ಅಡವು ಬಿತ್ತು. ಆಕಿ ಆಟದ ಚಾಪಿ ಮುಖಾನೂ ನೋಡಿದಾಕಿ ಅಲ್ಲ. ನಮ್ಮ ಕಡಿ ಆಟಕ್ಕ ಕೂಡಾವ್ರು ಗಂಡಸ್ರು, ಸೋಲು ತುಂಬಾವ್ರು ಹೆಣ್ಮಕ್ಕಳು. ಅದಕ್ಕನ ಇದು ಮನಿ ವಿಚಾರ, ಅಡಿಗಿಮನಿ ವಿಚಾರ ಅಂತ ಇಲ್ಲಿ ಬರ್ಯಾಕತ್ತೀನಿ.

ಹಿರಿಯರೆಲ್ಲಾ ಕೂಡಿ ಅವಗ ಬೈದ್ರು. ಅವ ಅಂದದ್ದು ಒಂದ ಮಾತು: ‘ಕಲರ್ ಬಂದಿತ್ತು ಯಕ್ಕಾ. ಕಲರ್ ಕೈಯಾಗ ಇಟ್ಕೊಂಡು ಯಾರು ಬಿಡ್ತಾರ? ಎದುರಿನವಗ ಸೀಕ್ವೆನ್ಸ್ ಬಿತ್ತು. ನಸೀಬ ಕೆಟ್ಟಿತ್ತು.’ ಕುಂತವ್ರೆಲ್ಲಾ ‘ಹೌದಲಾ, ಎಲಿ ಚಲೋ ಇತ್ತಲಾ’ ಅಂತ ಗೋಣು ಹಾಕಿದ್ರು. ನಾ ಮಾತ್ರ ಒಪ್ಪಲಿಲ್ಲ. ನಸೀಬದ ಪಾಲು ಎಷ್ಟಿತ್ತು, ಅವನ ಪಾಲು ಎಷ್ಟಿತ್ತು ಅನ್ನೂದನ್ನ ಬ್ಯಾರಿ ಮಾಡಿ ನೋಡಬೇಕಲಾ.

ಮೂರೆಲಿ ಆಟ, ಅಂದ್ರ ತೀನ್ ಪತ್ತಿ, ಗೊತ್ತಿಲ್ಲದವ್ರಿಗೆ ಎರಡು ಮಾತು. ಒಬ್ಬೊಬ್ಬರಿಗೆ ಮೂರು ಎಲಿ. ಎಲ್ಲಾಕ್ಕಿಂತ ದೊಡ್ಡದು ಒಂದ ನಮೂನಿ ಮೂರು ಎಲಿ, ಅಂದ್ರ ಮೂರು ಎಕ್ಕಾ, ಮೂರು ರಾಜಾ ಇದ್ದಂಗ. ಆಮ್ಯಾಲ ಒಂದ ಬಣ್ಣದ ಸೀಕ್ವೆನ್ಸ್, ಆಮ್ಯಾಲ ಸಾದಾ ಸೀಕ್ವೆನ್ಸ್, ಆಮ್ಯಾಲ ಕಲರ್, ಆಮ್ಯಾಲ ಜೋಡಿ, ಕಡೀಕ ಬರೇ ದೊಡ್ಡ ಎಲಿ. ಬೆಂಗಳೂರಿನ ಕ್ಲಬ್ಬಿನ್ಯಾಗ ಆಡೂ ಪೋಕರ್ ಇದರ ಅಣ್ಣತಮ್ಮ ಇದ್ದಂಗ. ಅಲ್ಲಿ ಕೈಯಾಗ ಎರಡು ಎಲಿ, ನಡುವ ಎಲ್ಲಾರಿಗೂ ಕೂಡಿ ಐದು ಎಲಿ. ಮಿತಿ ಇಲ್ಲದ ಪೋಕರಿನ್ಯಾಗ ಯಾವಾಗ ಬೇಕಾದ್ರೂ ಮುಂದಿದ್ದ ರಾಶಿ ಎಲ್ಲಾ ನಡುವ ದಬ್ಬಬಹುದು. ನಮ್ಮ ಶೆಡ್ಡಿನ ಮೂರೆಲಿನೂ ಮಿತಿ ಕಟ್ಟದ ಆಡಿದ್ರ ಅದ ಗತಿ.

52 ಎಲಿಯೊಳಗ ಮೂರು ಎಲಿ 22,100 ನಮೂನಿ ಬರಬಹುದು. ಅದರಾಗ ಜೋಡೀನೂ ಇಲ್ಲದ ಬರೇ ಎಲಿ 16,440. ಅಂದ್ರ ನಾಕು ಸಲದಾಗ ಮೂರು ಸಲ ಕೈಯಾಗ ಏನೂ ಇರೂದಿಲ್ಲ. ಜೋಡಿ 3,744, ಕಲರ್ 1,096, ಸಾದಾ ಸೀಕ್ವೆನ್ಸ್ 720, ಒಂದ ಬಣ್ಣದ ಸೀಕ್ವೆನ್ಸ್ 48, ಒಂದ ನಮೂನಿ ಮೂರು 52. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಕುಂತು ಎಣಿಸಬಹುದಾದ ಲೆಕ್ಕ ಇದು.

ಈಗ ಅವನ ಕಲರ್ ನೋಡೂಣು. ಕಲರಿಗಿಂತ ದೊಡ್ಡ ಎಲಿ ಒಟ್ಟು 820 ನಮೂನಿ, ನೂರಕ್ಕ ನಾಕೂ ಇಲ್ಲ. ಆರು ಮಂದಿ ಕುಂತಾಗ, ಉಳಿದ ಐವರೊಳಗ ಒಬ್ಬರಿಗಾದ್ರೂ ಅಂಥಾ ಎಲಿ ಬಂದಿರೂ ಸಂಭವ ನೂರಕ್ಕ 17ರ ಆಸುಪಾಸು. ಹಂಗಾದ್ರ ಎಲಿ ಎತ್ತಿ ನೋಡಿದ ಕೂಡ್ಲೆ ಅವ ರೊಕ್ಕ ಹಾಕಿದ್ದು ತಪ್ಪಲ್ಲ. ಅಲ್ಲೀತನ ಅವಂದು ಖರೇ.

ಆದ್ರ ಆಟ ಒಂದ ಸುತ್ತಿಗೆ ಮುಗಿಲಿಲ್ಲ. ಒಬ್ಬಾವ ಬಿಟ್ಟ, ಇಬ್ಬರು ಬಿಟ್ಟರು, ನಾಕು ಮಂದಿ ಬಿಟ್ಟರು. ಉಳಿದಾವ ಒಬ್ಬ. ಆ ಒಬ್ಬ ಎಲಿ ನೋಡಿ, ಪ್ರತಿ ಸುತ್ತಿಗೂ ಏರಿಸಿ ಏರಿಸಿ ಹಾಕ್ಯಾಕತ್ತಿದ್ದ. ಈಗ ಆ 17ರ ಲೆಕ್ಕ ನಡಿಯೂದಿಲ್ಲ. ಯಾಕಂದ್ರ ಕೈಯಾಗ ಏನೂ ಇಲ್ಲದವ, ಸಣ್ಣ ಜೋಡಿ ಇದ್ದವ ಎಂದೋ ಎದ್ದು ಹೋಗ್ಯಾನ. ಎಲಿ ನೋಡಿ ನಾಕು ಸುತ್ತು ಏರಿಸಿದವನ ಕೈಯಾಗ ಏನೋ ಐತಿ. ನಮ್ಮ ಹುಡುಗನ ಎಲಿ ಬದಲಾಗಿದ್ದಿಲ್ಲ ಖರೆ, ಎದುರು ಕುಂತವನ ಬಗ್ಗೆ ಗೊತ್ತಾದದ್ದು ಬದಲಾಗಿತ್ತು. ಹೊಸಾ ಸುದ್ದಿ ಬಂದಾಗ ಹಳೇ ಲೆಕ್ಕ ಒರಸಿ ಹೊಸಾದು ಹಾಕಬೇಕು. ಅವ ಮೊದಲನೇ ಸುತ್ತಿನ ಲೆಕ್ಕ ಹಿಡಕೊಂಡು ಐದನೇ ಸುತ್ತಿಗೆ ರೊಕ್ಕ ಹಾಕಿದ.

ಇಬ್ಬರ ಉಳಿದಾಗ ಆ ಆಟದಾಗ ಒಂದು ಬಾಗ್ಲು ಇರ್ತೈತಿ. ಅದಕ್ಕ ‘ಶೋ’ ಅಂತಾರ. ಆ ಸುತ್ತಿನ ರೊಕ್ಕ ಹಾಕಿ ‘ತೋರಿಸು’ ಅಂದ್ರ ಅಲ್ಲಿಗೆ ಆಟ ಮುಗೀತು. ಬೀಜದ ಲೆಕ್ಕದಾಗ ಹೇಳ್ತೀನಿ. ನಡುವ 120 ಬೀಜ ಬಿದ್ದಾವ. ಶೋ ಕೇಳಾಕ 20 ಬೀಜ ಬೇಕು. ಏಳು ಸಲ ಹಿಂಗ ಕೇಳಿ, ಆರು ಸಲ ಸೋತ್ರ 120 ಹೋತು, ಒಂದು ಸಲ ಗೆದ್ರ 120 ಬಂತು, ಸರೀಗೆ ಸರಿ. ಅಂದ್ರ ಏಳರಾಗ ಒಂದು ಸಲಕ್ಕಿಂತ ಹೆಚ್ಚು ಗೆಲ್ತೀನಿ ಅಂತ ಅನಿಸಿದ್ರ ಶೋ ಕೇಳೂದು ಚಲೋ, ಇಲ್ಲಾಂದ್ರ ಎಲಿ ಕೆಳಗಿಡೂದು ಚಲೋ. ಕಲರ್ ಇದ್ದಾಗ ಅಷ್ಟು ಧೈರ್ಯಕ್ಕ ಜಾಗಾ ಐತಿ. ಹಂಗಾಗಿ ಶೋ ಕೇಳಿ ಸೋತಿದ್ರ, ನಾನೂ ನಸೀಬ ಅಂತಿದ್ದೆ.

ಅವ ಶೋ ಕೇಳಲಿಲ್ಲ, ಏರಿಸಿದ. ಏರಿಸೂದಕ್ಕ ಬ್ಯಾರೇನ ಲೆಕ್ಕ ಐತಿ. ಏರಿಸೂಕಿಂತ ಮೊದಲ ಎರಡು ಪ್ರಶ್ನಿ ಕೇಳ್ಕೋಬೇಕು. ನಂದಕ್ಕಿಂತ ಸಣ್ಣ ಎಲಿ ಇದ್ದವ ಇನ್ನೂ ರೊಕ್ಕ ಹಾಕ್ತಾನೇನು? ನಂದಕ್ಕಿಂತ ದೊಡ್ಡ ಎಲಿ ಇದ್ದವ ಅಂಜಿ ಬಿಡ್ತಾನೇನು? ಎರಡಕ್ಕೂ ‘ಇಲ್ಲ’ ಅಂತ ಉತ್ತರ ಬಂದ್ರ, ಏರಿಸಿದ ರೊಕ್ಕ ಎದುರಿನವನ ಜೇಬಿಗೆ ನಾವ ಹಾಕಿಕೊಟ್ಟಂಗ. ಹೆದರಿಸಿ ಬಿಡಿಸೂದು ಅಂತ ಒಂದು ವಿದ್ಯಾ ಐತಿ, ಅದು ಬಿಡೂ ಮನುಷ್ಯಾನ ಮ್ಯಾಲ ಮಾತ್ರ ನಡೀತೈತಿ. ಕುಡದು ಕುಂತವ, ಸೋತು ಸಿಟ್ಟಿಗೆದ್ದವ ಬಿಡೂದಿಲ್ಲ. ಅಂಥವರ ಮುಂದ ಸುಳ್ಳು ಏರಿಸೂದು ಗೋಡಿಗೆ ಹಣಿ ಬಡಕೊಂಡಂಗ.

ಹಂಗಾದ್ರ ಯಾಕ ಏರಿಸಿದ? ಕೆದಕಿ ಕೇಳಿದ ಮ್ಯಾಲ ಹೇಳಿದ. ಆ ಎಲಿ ಬರೂಕಿಂತ ಮೊದಲನ ಅರ್ಧ ರೊಕ್ಕ ಸೋತಿದ್ನಂತ. ‘ಒಂದ ಕೈಯಾಗ ಎಲ್ಲಾ ಹೊಳ್ಳಿ ತಗೋಬೇಕಂತ ಇತ್ತು ಯಕ್ಕಾ.’ ನೋಡ್ರಿ, ರೋಗ ಇಲ್ಲೈತಿ. ಆ ಕೈಯಾಗ ಅವ ಕಲರ್ ಆಡಲಿಲ್ಲ, ಸಂಜಿ ಸೋಲನ್ನ ಆಡಿದ.

ಮಹಾಭಾರತದ ಕತಿಯೊಳಗೂ ಇದ ಐತಿ. ಬಯಲಾಟದಾಗ ದ್ರೌಪದಿ ಸೀರಿ ಪ್ರಸಂಗ ನೋಡಿ ಅತ್ತು ಬರ್ತೀವಿ, ಶಕುನಿಗೆ ಶಾಪ ಹಾಕ್ತೀವಿ. ಆದ್ರ ಧರ್ಮರಾಯಗ ಕಳಕೊಂಡದ್ದೆಲ್ಲಾ ಒಮ್ಮಿ ತಿರುಗಿ ಸಿಕ್ಕಿತ್ತು. ಆಮ್ಯಾಲ ಎರಡನೇ ಸಲ ಕರದಾಗ ಮತ್ತ ಹೋಗಿ ಕುಂತ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಬಂದದ್ದು ಆ ಎರಡನೇ ಕೂಟದಿಂದ. ದಾಳದ ಮೋಸ ಶಕುನಿದು ಇರಬಹುದು, ತಿರುಗಿ ಹೋಗಿ ಕುಂತದ್ದು ಯಾರದು?

ನಮ್ಮ ಅತ್ತಿ ಸಾಲಿ ಕಲತಾಕಿ ಅಲ್ಲ. ಆದ್ರ ಹಬ್ಬದಾಗ ಮಕ್ಕಳ ಕೂಡ ಬೀಜ ಇಟ್ಟು ಆಡಾಕ ಕುಂತ್ರ ಆಕಿನ್ನ ಸೋಲ್ಸೂದು ಕಷ್ಟ. ಆಕಿ ಪದ್ಧತಿ ಇಷ್ಟ. ಕೂಡೂಕಿಂತ ಮೊದಲ 50 ಬೀಜ ಎಣಿಸಿ ಸೆರಗಿಗೆ ಗಂಟು ಹಾಕ್ಕೋತಾಳ. ಗಂಟು ಖಾಲಿ ಆತಂದ್ರ ಎದ್ದು ರೊಟ್ಟಿ ಬಡ್ಯಾಕ ಹೋಗ್ತಾಳ. ಮೊಮ್ಮಕ್ಕಳು ‘ಅಮ್ಮಾ, ನಾ ಸಾಲ ಕೊಡ್ತೀನಿ ಕೂಡು’ ಅಂದ್ರೂ ಕೂಡೂದಿಲ್ಲ. ಒಂದು ಕೈಗೆ ಗಂಟಿನ್ಯಾಗಿನ ಬೀಜ ಅರ್ಧಕ್ಕಿಂತ ಹೆಚ್ಚು ಎಂದೂ ಹಾಕಿದಾಕಿ ಅಲ್ಲ, ಮೂರು ರಾಜಾ ಬಂದ್ರೂ ಸುದ್ದಾ.

1956ರಾಗ ಅಮೆರಿಕಾದ ಬೆಲ್ ಲ್ಯಾಬ್ಸಿನ ಜಾನ್ ಕೆಲ್ಲಿ ಅನ್ನೂ ವಿಜ್ಞಾನಿ ಇದನ್ನ ಸೂತ್ರ ಮಾಡಿ ಬರದಾನ. ಗೆದ್ರ ಹಾಕಿದಷ್ಟ ಸಿಗೂ ಒಂದು ಆಟ ಐತಿ, ಹತ್ತಕ್ಕ ಆರು ಸಲ ನೀವ ಗೆಲ್ತೀರಿ ಅಂತ ತಿಳ್ಕೋರಿ. ಅಷ್ಟು ಚಲೋ ಆಟದಾಗ ಸುದ್ದಾ ಒಂದು ಸಲಕ್ಕ ಗಂಟಿನ ಐದನೇ ಒಂದು ಪಾಲು ಹಾಕೂದು ತಕ್ಕದ್ದು ಅಂತ ಅವನ ಲೆಕ್ಕ. ಪ್ರತಿ ಸಲ ಗಂಟೆಲ್ಲಾ ಹಾಕಿದವ, ಹತ್ತಕ್ಕ ಆರು ಸಲ ಗೆಲ್ಲಾವ ಇದ್ರೂ, ಒಂದಿಲ್ಲ ಒಂದು ದಿನ ಬರಗೈ ಆಗೇ ಆಗ್ತಾನ. ಅತ್ತಿಗೆ ಇದನ್ನ ಹೇಳಿದ್ರ, ‘ಬೀಜದ ಜ್ವಾಳ ಯಾರರ ಬೀಸಿ ತಿಂತಾರೇನ?’ ಅಂದ್ಲು. ಮಾತು ಮುಗೀತು.

ಇದು ಬರೇ ಇಸ್ಪೀಟಿನ ಮಾತಲ್ಲ. ನನ್ನ ತವರು ಮಾನ್ವಿ ಕಡಿ, ತುಂಗಭದ್ರಾ ಎಡದಂಡೆ ಕಾಲುವಿ ನೀರಿನ ಮ್ಯಾಲ ಭತ್ತ ಬೆಳಿಯೂ ಊರು. ಕಾಲುವಿ ಕೊನಿ ಭಾಗದವ್ರಿಗೆ ಪ್ರತಿ ವರ್ಷನೂ ಎಲಿ ಹಂಚಿದಂಗನ. ಎರಡನೇ ಬೆಳಿಗೆ ನೀರು ಮುಟ್ಟತೈತೋ ಇಲ್ಲೋ? 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಇಡೀ ಸೀಮಿ ಮಂದಿ ನಿದ್ದಿಗೆಟ್ಟು ಕುಂತಿದ್ರು. ಅಂಥಾ ಹೊತ್ತಿನ್ಯಾಗ ನೀರಿನ ಸುದ್ದಿ ಬದಲಾದಂಗ ತಮ್ಮ ಲೆಕ್ಕ ಬದಲಾಯಿಸಾವ ಉಳೀತಾನ. ‘ಹೋದ ವರ್ಷ ಬಂದಿತ್ತಲಾ’ ಅಂತ ಕುಂತವ ಮುಳುಗ್ತಾನ.

ಮೆಣಸಿನಕಾಯಿದೂ ಅದ ಕತಿ. ಹಿಂದಿನ ವರ್ಷ ರೇಟು ಬಂದದ್ದು ನೋಡಿ ಎಲ್ಲಾರೂ ಹಾಕಿದ್ರು. ಮರುವರ್ಷ ರೇಟು ಬಿತ್ತು. 2024ರ ಮಾರ್ಚ್ 11ಕ್ಕ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ರೈತರು ರೊಚ್ಚಿಗೆದ್ದದ್ದು ಎಲ್ಲಾರಿಗೂ ನೆನಪೈತಿ. ಹೋದ ಸಲ ಗೆದ್ದದ್ದಕ್ಕ ಈ ಸಲದ ಎಲಿ ಚಲೋ ಆಗೂದಿಲ್ಲ. ಎಲ್ಲಾರ ಕೈಯಾಗೂ ಅದ ಎಲಿ ಇದ್ದಾಗಂತೂ ಅದರ ಕಿಮ್ಮತ್ತು ಇಳದ ಇಳೀತೈತಿ.

ಇನ್ನ ದೇವದುರ್ಗ ಕಡಿ ಹತ್ತಿ. ಗುಲಾಬಿ ಕಾಯಿಕೊರಕ ಬಿದ್ದು ಅರ್ಧ ಕಾಯಿ ಹೋಗ್ಯಾವ ಅಂತ ಕಣ್ಣೀಗೆ ಕಾಣ್ತಿರ್ತೈತಿ. ಆದ್ರೂ ‘ಇಷ್ಟು ಖರ್ಚು ಮಾಡೀವಲಾ’ ಅಂತ ಮತ್ತೊಂದು ಸಲ ಔಷಧ, ಮತ್ತೊಂದು ಚೀಲ ಗೊಬ್ಬರ ಉದ್ರಿ ತರ್ತಾರ. ಕೇಳಬೇಕಾದ ಪ್ರಶ್ನಿ ಬ್ಯಾರೆ: ಈಗ ಹಾಕೂ ಎರಡು ಸಾವಿರಕ್ಕ ಎರಡು ಸಾವಿರದ ಮ್ಯಾಲ ಹತ್ತಿ ಬರ್ತೈತೇನು? ಬರೂದಿದ್ರ ಹಾಕ್ರಿ, ಇಲ್ಲಾಂದ್ರ ಬಿಡ್ರಿ. ಹಿಂದ ಹಾಕಿದ್ದು ಚಾಪಿ ನಡುವಿನ ರೊಕ್ಕ ಇದ್ದಂಗ. ಹಾಕಿದ ಮ್ಯಾಲ ಅದು ನಮ್ಮದಲ್ಲ. ಕೈಯಾಗ ಉಳದದ್ದು ಮಾತ್ರ ನಮ್ಮದು.

‘ಹುಡುಗ್ರಿಗೆ ಇದನ್ನೆಲ್ಲಾ ಹೇಳಿಕೊಟ್ರ ಜೂಜುಕೋರ ಆಗೂದಿಲ್ಲೇನು?’ ಅಂತ ನಮ್ಮ ಓಣಿ ಅಕ್ಕಗೋಳು ಕೇಳ್ತಾರ. ಕೇಳೂದು ಬರೋಬ್ಬರಿ ಐತಿ. ಲೆಕ್ಕ ಬಂದಾವ ‘ನನಗ ಬರ್ತೈತಿ’ ಅನ್ನೂ ಸೊಕ್ಕಿನ ಮ್ಯಾಲ ಕೂಡಬಹುದು. ಅದಕ್ಕ ಲೆಕ್ಕದ ಜೋಡಿ ಇನ್ನೊಂದು ಪಾಠ ಕಲಿಸಲೇಬೇಕು: ಯಾವ ಆಟದಾಗ ಲೆಕ್ಕ ನಡಿಯೂದ ಇಲ್ಲ ಅನ್ನೂದು.

ಮಟಕಾ ತಗೋರಿ. 00ದಿಂದ 99ರತನ ನೂರು ನಂಬರ್. ಬರೆಯಾವ ‘ಒಂದು ರೂಪಾಯಿಗೆ ಎಂಬತ್ತು’ ಅಂತಾನ. ನೂರು ನಂಬರಿಗೂ ಒಂದೊಂದು ರೂಪಾಯಿ ಹಚ್ಚಿದ್ರ ನೂರು ಹೋತು, ಎಂಬತ್ತು ಬಂತು. ಇಪ್ಪತ್ತು ಬರೆಯಾವನ ಕಡಿಗೆ. ಯಾವ ಕನಸು ಬಿದ್ರೂ, ಯಾವ ಸ್ವಾಮಿ ನಂಬರ್ ಹೇಳಿದ್ರೂ ಆ ಇಪ್ಪತ್ತು ತಪ್ಪೂದಿಲ್ಲ. ಈ ‘ಓಪನ್-ಕ್ಲೋಸ್’ ಎಲ್ಲಿಂದ ಬಂತು ಗೊತ್ತೇನ್ರಿ? ನ್ಯೂಯಾರ್ಕಿನ ಹತ್ತಿ ಪೇಟಿಯಿಂದ ಮುಂಬೈಗೆ ತಂತಿ ಮ್ಯಾಲ ಬರ್ತಿದ್ದ ಹತ್ತಿ ರೇಟಿನ ಮ್ಯಾಲ ಕಟ್ಟೂ ಜೂಜು ಅದು. 1961ರಾಗ ಆ ರೇಟು ಕಳಸೂದು ನಿಂತ ಮ್ಯಾಲ ಚೀಟಿ ಬರದು ಗಡಿಗ್ಯಾಗ ಹಾಕಿ ಎತ್ತಾಕ ಹತ್ತಿದ್ರು, ಮಟಕಾ ಅಂದ್ರ ಗಡಿಗಿ. ಹತ್ತಿ ಬೆಳದು ಬಂದ ರೊಕ್ಕ ಹತ್ತಿ ರೇಟಿನಿಂದ ಹುಟ್ಟಿದ ಜೂಜಿಗೆ ಹೋಗೂದು ನಮ್ಮ ಜಿಲ್ಲೆದ ಹಣೆಬರಹ ಇದ್ದಂಗೈತಿ.

ಅಂದರ್ ಬಾಹರದಾಗ ಎಲಿ ಆ ಕಡಿ ಬೀಳೂದೋ ಈ ಕಡಿ ಬೀಳೂದೋ ಅನ್ನೂದರಾಗ ಶಾಣ್ಯಾತನಕ್ಕ ಜಾಗಾನ ಇಲ್ಲ. ಮ್ಯಾಲ ಆಟ ಕೂಡ್ಸಿದವ ತನ್ನ ಪಾಲು ಹಿಡಕೋತಾನ. ಇನ್ನ ಫೋನಿನ್ಯಾಗಿನ ಆಟ. ಎದುರಿನವನ ಮುಖ ಕಾಣೂದಿಲ್ಲ, ಎಲಿ ಯಾರು ಹಂಚ್ಯಾರ ಗೊತ್ತಾಗೂದಿಲ್ಲ, ರೊಕ್ಕ ಹೋದದ್ದು ಕೈಗೆ ತಿಳಿಯೂದಿಲ್ಲ. ಕೋರ್ಟು ಕಚೇರಿಯೊಳಗ ‘ಇದು ಬುದ್ಧಿ ಆಟೋ, ಅದೃಷ್ಟದ ಆಟೋ’ ಅನ್ನೂ ವಾದ ಭಾಳ ವರ್ಷದಿಂದ ನಡದೈತಿ. ರಮ್ಮಿಯೊಳಗ ಬುದ್ಧಿ ಹೆಚ್ಚು ಬೇಕು ಅಂತ ಸುಪ್ರೀಂ ಕೋರ್ಟು 1967ರಾಗ ಹೇಳೈತಿ. ನಮ್ಮ ಸರ್ಕಾರ 2021ರಾಗ ಆನ್‌ಲೈನ್ ಜೂಜು ನಿಲ್ಲಸಾಕ ತಂದ ತಿದ್ದುಪಡಿನ್ನ ಹೈಕೋರ್ಟು 2022ರ ಫೆಬ್ರವರಿಯೊಳಗ ರದ್ದು ಮಾಡಿತ್ತು. 2025ರ ಆಗಸ್ಟಿನ್ಯಾಗ ಕೇಂದ್ರದವ್ರು ರೊಕ್ಕ ಕಟ್ಟಿ ಆಡೂ ಆನ್‌ಲೈನ್ ಆಟ ನಿಷೇಧ ಮಾಡೂ ಕಾಯ್ದೆ ತಂದಾರ. ಕಾಯ್ದೆ ಬಂದದ್ದು ಚಲೋ ಆತು. ಆದ್ರ ಬುದ್ಧಿ ಆಟ ಅಂತ ಕೋರ್ಟು ಒಪ್ಪಿದ್ರೂ ಆ ಬುದ್ಧಿ ನಮ್ಮ ಹುಡುಗನ ಕಡೆ ಐತೋ, ಎದುರಿನವನ ಕಡೆ ಐತೋ ಅಂತ ಯಾವ ಕೋರ್ಟೂ ಹೇಳೂದಿಲ್ಲ. ಅದನ್ನ ಮನಿಯವ್ರ ನೋಡಬೇಕು.

ನಮ್ಮ ಮನ್ಯಾಗ ಹೆಂಗ ಮಾಡ್ತೀವಿ ಅಂತ ಹೇಳಿಬಿಡ್ತೀನಿ. ಒಬ್ಬೊಬ್ಬರಿಗೆ 50 ಹುಣಸಿ ಬೀಜ. ಮಗ್ಗಲಕ ಒಂದು ನೋಟ್‌ಬುಕ್. ಬೀಜ ಹಾಕೂಕಿಂತ ಮೊದಲ ‘ಹತ್ತಕ್ಕ ಎಷ್ಟು ಸಲ ಗೆಲ್ತೀನಿ’ ಅಂತ ಬರೀಬೇಕು. ಎಲಿ ತೋರಿಸಿದ ಮ್ಯಾಲ ಬರದದ್ದನ್ನ ತಿದ್ದಂಗಿಲ್ಲ. ಹಬ್ಬದ ಮೂರು ದಿನದ ಲೆಕ್ಕ ಕೂಡಿಸಿ ನೋಡಿದ್ರ, ಎಲ್ಲಾರೂ ‘ಹತ್ತಕ್ಕ ಎಂಟು’ ಅಂತ ಬರದಲ್ಲಿ ಐದೂ ಗೆದ್ದಿರೂದಿಲ್ಲ. ನನ್ನ ಮಗಳು ಅದನ್ನ ನೋಡಿ ಒಂದು ತಾಸು ಮಾತಾಡಲಿಲ್ಲ. ಆಮ್ಯಾಲ ಕೇಳಿದ್ಲು, ‘ಅವ್ವಾ, ಪರೀಕ್ಷಾದಾಗೂ ನಾ ಹಿಂಗ ಅನ್ಕೋತೀನೇನು?’ ಆ ಒಂದು ಪ್ರಶ್ನಿಗೆ ಚೀಲಗಟ್ಟಲೆ ಬೀಜ ಕೊಟ್ರೂ ಕಡಿಮಿ.

ಇನ್ನೊಂದು ನೇಮ ಐತಿ. ಬೀಜ ಹೆಚ್ಚು ಗೆದ್ದವ್ರಿಗೆ ನಮ್ಮ ಮನ್ಯಾಗ ಬಹುಮಾನ ಇಲ್ಲ. ಜೋಡಿ ಕೈಯಾಗ ಇದ್ದೂ, ಎದುರು ಇಬ್ಬರು ಏರಿಸಿದ್ದು ನೋಡಿ ಎಲಿ ಕೆಳಗಿಟ್ಟವ್ರಿಗೆ ಶೇಂಗಾ ಉಂಡಿ. ಆಮ್ಯಾಲ ನೋಡಿದಾಗ ಆ ಜೋಡಿನ ಗೆಲ್ಲತಿತ್ತು ಅಂತ ಗೊತ್ತಾದ್ರೂ ಉಂಡಿ ತಿರುಗಿ ಕೇಳೂದಿಲ್ಲ. ಯಾಕಂದ್ರ ಆ ಹೊತ್ತಿಗೆ ಗೊತ್ತಿದ್ದಷ್ಟರಾಗ ಮಾಡಿದ ನಿರ್ಧಾರ ಸರಿ ಇತ್ತು. ಫಲ ನೋಡಿ ನಿರ್ಧಾರ ಅಳದ್ರ, ಕುಡದು ಗಾಡಿ ಓಡಿಸಿ ಸುರಕ್ಷಿತ ಮನಿ ಮುಟ್ಟಿದವನೂ ಶಾಣ್ಯಾ ಆಗಿಬಿಡ್ತಾನ.

ಕಾಕಾನ ಮಗನ ಬೋರಮಾಳ ಇನ್ನೂ ಬಿಡಸ್ಕೊಂಡು ಬಂದಿಲ್ಲ. ಈ ಸುಗ್ಗಿಗೆ ಬಿಡಸ್ತೀನಿ ಅಂದಾನ. ಹತ್ತಿ ರೊಕ್ಕ ನೇರ ಹೆಂಡ್ತಿ ಖಾತೆಗೆ ಬೀಳೂ ಹಂಗ ಹಿರಿಯರು ವ್ಯವಸ್ಥಾ ಮಾಡ್ಯಾರ. ಅದು ಬರೋಬ್ಬರಿ ಕೆಲಸ. ಆದ್ರ ಬೀಗ ಹಾಕಿದ್ದಷ್ಟಕ್ಕ ಬುದ್ಧಿ ಬರೂದಿಲ್ಲ.

ನಿಮ್ಮ ಮನ್ಯಾಗೂ ಯಾರರ ಸೋತು ಬಂದಿದ್ರ, ಬೈಯೂದೆಲ್ಲಾ ಬೈದು ಮುಗದ ಮ್ಯಾಲ ಒಂದು ಮಾತು ಕೇಳ್ರಿ. ‘ಎಷ್ಟು ಸೋತಿ?’ ಅಂತ ಎಲ್ಲಾರೂ ಕೇಳಿರ್ತಾರ, ಅದು ಬ್ಯಾಡ. ‘ಯಾವ ಹೊತ್ತಿಗೆ ಏಳಬೇಕಾಗಿತ್ತು?’ ಅಂತ ಕೇಳ್ರಿ. ಅವ ವಿಚಾರ ಮಾಡಿ ಹೊತ್ತು ಹೇಳಿದ್ನಂದ್ರ ಅವನ ಕೂಡ ಕುಂತು ಮಾತಾಡಬಹುದು. ‘ನಸೀಬ’ ಅಂದ್ನಂದ್ರ, ಪಾಸ್‌ಬುಕ್ಕು ಬೋರಮಾಳ ಎರಡೂ ಇನ್ನೊಂದು ವರ್ಷ ನಿಮ್ಮ ಕಡೇನ ಇರ್ಲಿ.